ಭಾವ ಕಿತ್ತಿಟ್ಟುಕೊಂಡ ಫ್ಯೂಸು

ನಾನು ಅಜ್ಜಿಯಾದೆ. ಮೊಮ್ಮಗಳು. ಹಾಲಿನ ಕೆನೆಯಂಥ ಕೆನ್ನೆ, ತಲೆ ತುಂಬಾ ಕೂದಲು, ಮುಷ್ಟಿ ಬಿಗಿಹಿಡಿದೇ ನಿದ್ದೆ ಮಾಡುತ್ತಾಳೆ. ಇಡೀ ಬೀದಿಗೆ ಸಕ್ಕರೆ ಹಂಚಿದೆ, ಮಾತು ಬಿಟ್ಟವರ ಮನೆಗೂ ಹೋಗಿ ಕೊಟ್ಟು ಬಂದೆ. ಅಷ್ಟು ಸಂತೋಷ ನನಗೆ.

ಆದರೆ ಮಗು ಮನೆಗೆ ಬಂದ ಮೊದಲ ರಾತ್ರಿ ಏನಾಯಿತು ಅನ್ನುವುದನ್ನು ಯಾರಿಗಾದರೂ ಹೇಳದೆ ಇದ್ದರೆ ಈ ಸಂತೋಷ ಗಂಟಲಲ್ಲಿ ಇಳಿಯುವುದಿಲ್ಲ. ನಾನು ಹೆಚ್ಚು ಓದಿದವಳಲ್ಲ, ಕಥೆ ಕಟ್ಟಲು ಬರುವುದಿಲ್ಲ. ನನ್ನ ಕಣ್ಣು, ಕಿವಿ, ಮೂಗಿಗೆ ಬಂದದ್ದನ್ನೇ ಹೇಳುತ್ತೇನೆ.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಸಣ್ಣ ಮನೆ. ಅದನ್ನೂ ನಡುವೆ ಗೋಡೆ ಎಬ್ಬಿಸಿ ಪಾಲು ಮಾಡಿದ್ದರು. ಒಂದು ಕಡೆ ನಾವು, ಇನ್ನೊಂದು ಕಡೆ ನಮ್ಮ ಯಜಮಾನರ ಅಣ್ಣ, ಅಂದರೆ ನನ್ನ ಭಾವ. ಗೋಡೆ ಎದ್ದಿತು, ಆದರೆ ಕರೆಂಟಿನ ಬೋರ್ಡು ಭಾವನ ಜಗುಲಿಯಲ್ಲೇ ಉಳಿಯಿತು. ಮರದ ಹಲಗೆ, ಅದರ ಮೇಲೆ ಸಾಲಾಗಿ ಬಿಳಿ ಪಿಂಗಾಣಿ ಫ್ಯೂಸುಗಳು.

ಭಾವನಿಗೆ ಕೋಪ ಬಂದರೆ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ನಮ್ಮ ಕಡೆಯ ಫ್ಯೂಸು ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡು ಬಾಗಿಲು ಮುಚ್ಚಿಬಿಡುತ್ತಿದ್ದರು. ಅಷ್ಟೇ. ನಮ್ಮ ಮಗ್ಗ ನಿಂತುಹೋಗುತ್ತಿತ್ತು, ಮನೆ ಕತ್ತಲಾಗುತ್ತಿತ್ತು. ಗೋಡೆಯಾಚೆ ಅವರು ಓಡಾಡಿದರೆ ಜೇಬಿನಲ್ಲಿ ಬೀಗದಕೈಗೆ ಪಿಂಗಾಣಿ ತಾಗಿ ಟಿಣ್... ಟಿಣ್... ಅನ್ನುತ್ತಿತ್ತು. ಜೊತೆಗೆ ಅವರ ನಶ್ಯದ ಘಾಟು. ಬೆಳಗಾದ ಮೇಲೆ ಬಂದು ಫ್ಯೂಸನ್ನು ಒತ್ತಿ ಕೂರಿಸುವರು. ಕಟಕ್. ಬೆಳಗಾಗುವ ಮೊದಲು ಆ ಸದ್ದು ಕೇಳಿದ್ದು ಒಂದು ದಿನವೂ ಇಲ್ಲ.

ನನ್ನ ಚೊಚ್ಚಲ ಗಂಡುಮಗು ಮನೆಗೆ ಬಂದಾಗಲೂ ಹಾಗೇ ಮಾಡಿದರು. ಬಾಣಂತಿ ಕೋಣೆಯಲ್ಲಿ ರಾತ್ರಿಯೆಲ್ಲ ದೀಪ ಆರಬಾರದು ಅಂತ ನಮ್ಮಲ್ಲಿ ನಡೆದುಬಂದದ್ದು. ಅವತ್ತು ಸಂಜೆ ಮಗ್ಗದ ಸದ್ದಿಗೆ ಜಗಳ ಆಯಿತು. ಫ್ಯೂಸು ಜೇಬಿಗೆ ಹೋಯಿತು. ನಮ್ಮ ಯಜಮಾನರು ಬಾಗಿಲು ತಟ್ಟಿ ತಟ್ಟಿ, "ಅಣ್ಣಾ, ಎಳೇ ಮಗು ಐತೆ ಕಣಣ್ಣಾ" ಅಂದರು. ತೆಗೆಯಲಿಲ್ಲ. ಮಸಿ ಹಿಡಿದ ಬುಡ್ಡಿ ದೀಪದಲ್ಲಿ ನನಗೆ ಮಗುವಿನ ತುಟಿಯ ಬಣ್ಣ ಕಾಣಲಿಲ್ಲ. ಬೆಳಗಿನ ಜಾವಕ್ಕೆ ಅದು ತಣ್ಣಗಾಗಿತ್ತು... ಆಮೇಲೆ ಕೇಳಿಸಿತು, ಕಟಕ್. ನೆತ್ತಿ ಮೇಲೆ ಬಲ್ಬು ಹತ್ತಿಕೊಂಡಿತು.

ದೀಪ ಇದ್ದಿದ್ದರೂ ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರಂತೆ. ಆ ಮಾತು ನನಗೆ ಬೇಡ.

ಹೋದ ವರ್ಷ ಭಾವ ತೀರಿಕೊಂಡರು. ಹೆಂಡತಿ ಮೊದಲೇ ಹೋಗಿದ್ದರು, ಮಕ್ಕಳಿರಲಿಲ್ಲ. ಅವರ ಪಾಲಿನ ಮನೆಗೆ ಬೀಗ ಬಿತ್ತು. ಮಗಳು ಸುಧಾ ಹೆರಿಗೆಗೆ ಆಸ್ಪತ್ರೆ ಸೇರಿದ ದಿನವೇ ನಾನು ಯಜಮಾನರಿಗೆ ಹೇಳಿಬಿಟ್ಟೆ. ಆ ಬೋರ್ಡು ಇರುವ ತನಕ ನನ್ನ ಮೊಮ್ಮಗು ಈ ಹೊಸ್ತಿಲು ದಾಟುವುದಿಲ್ಲ.

ವೈರಿಂಗ್ ಕೆಲಸದ ಮುನಿರಾಜು ಬಂದ. ಹಳೆಯ ಹಲಗೆ ನೋಡಿ ನಕ್ಕ. "ಏನಮ್ಮಾ, ಇದು ನಮ್ಮ ತಾತನ ಮದ್ವೇಗೆ ಹಾಕ್ಸಿದ್ದಾ?" ಅಂದ. ಹೊಸ ಬೋರ್ಡನ್ನು ನಮ್ಮ ಅಡುಗೆಮನೆ ಬಾಗಿಲ ಪಕ್ಕ ಕೂರಿಸಿದ. ಕೀಲಿ ಹಾಕುವಂಥದ್ದು ಸಿಗುತ್ತದಾ ಅಂತ ಕೇಳಿದೆ.

"ಫ್ಯೂಸೇ ಇಲ್ವಲ್ಲಮ್ಮಾ ಇದ್ರಲ್ಲಿ, ಬರೀ ಸ್ವಿಚ್ಚು. ಯಾರ್ ಕಿತ್ಕೊಂಡ್ ಹೋಗ್ತಾರೆ?"

"ಹೋಗೋರು ಇದ್ರು ಕಣಪ್ಪಾ," ಅಂದೆ.

ಹಳೆಯ ಫ್ಯೂಸುಗಳನ್ನು ನನ್ನ ಕೈಯಾರೆ ಒಂದೊಂದಾಗಿ ಕಿತ್ತು ಕಸದ ಗಾಡಿಗೆ ಸುರಿದೆ. ಒಂದನ್ನೂ ಉಳಿಸಲಿಲ್ಲ. ಬರೀ ಹಲಗೆಯನ್ನು ಮಾತ್ರ ಹಿತ್ತಲ ಗೋಡೆಗೆ ಒರಗಿಸಿಟ್ಟೆವು. ಬಾಣಂತಿ ನೀರು ಕಾಯಿಸಲು ಸೌದೆ ಆಗುತ್ತದೆ ಅಂತ.

ಮಗು ಮನೆಗೆ ಬಂತು. ಸಾಂಬ್ರಾಣಿ ಹಾಕಿದೆ, ದಿಂಬಿನಡಿ ಕತ್ತರಿ ಇಟ್ಟೆ. ಸುಧಾ ಹಾಸಿಗೆಯ ಪಕ್ಕ ನಾನು ಚಾಪೆ ಹಾಸಿಕೊಂಡೆ. ಬಲ್ಬು ಉರಿಯುತ್ತಿತ್ತು. ನಿದ್ದೆ ಯಾವಾಗ ಬಂತೋ...

ಎಚ್ಚರವಾದಾಗ ಕತ್ತಲು.

ಪಡಸಾಲೆಯ ದೀಪ ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಈ ಕೋಣೆಯದು ಮಾತ್ರ ಆರಿತ್ತು. ಎದ್ದು ಹೋಗಿ ಹೊಸ ಬೋರ್ಡು ನೋಡಿದೆ. ಸ್ವಿಚ್ಚುಗಳೆಲ್ಲ ಮೇಲೆಯೇ ಇದ್ದವು, ಒಂದೂ ಬಿದ್ದಿರಲಿಲ್ಲ. ತಿರುಗುವಷ್ಟರಲ್ಲಿ ಮೂಗಿಗೆ ಬಡಿಯಿತು... ನಶ್ಯ.

ನಮ್ಮ ಮನೆಯಲ್ಲಿ ಯಾರೂ ನಶ್ಯ ಏರಿಸುವುದಿಲ್ಲ.

ಬೀಗ ಹಾಕಿದ ಮನೆಯ ಕಡೆಯಿಂದ, ಗೋಡೆಯಾಚೆ... ಟಿಣ್. ನಿಂತಿತು. ಮತ್ತೆ ಟಿಣ್... ಟಿಣ್... ಜಗುಲಿಯಿಂದ ಹಿತ್ತಲ ಕಡೆಗೆ ಯಾರೋ ನಿಧಾನ ನಡೆದ ಹಾಗೆ.

ಓಡಿಬಂದು ಕತ್ತಲಲ್ಲೇ ಮಗುವಿನ ಮೇಲೆ ಕೈ ಇಟ್ಟೆ. ಸುತ್ತಿದ ಬಟ್ಟೆಯ ಮೇಲಿಂದ ಮಗು ಉಸಿರಾಡುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ತುಟಿ ಕಾಣಲಿಲ್ಲ. ಅದೇ ರಾತ್ರಿ, ಅದೇ ಕೋಣೆ.

ಗೋಡೆಗೆ ಬಾಯಿಟ್ಟು ಹೇಳಿದೆ, "ಭಾವ... ಎಳೇ ಮಗು ಐತೆ."

"ಯಾರ್ ಜೊತೆ ಮಾತಾಡ್ತಿದ್ದೀಯಮ್ಮಾ?" ಸುಧಾ ನಿದ್ದೆಗಣ್ಣಲ್ಲಿ ಕೇಳಿದಳು.

ಹಿತ್ತಲಲ್ಲಿ ಸದ್ದಾಯಿತು.

ಕಟಕ್.

ಬಲ್ಬು ಹತ್ತಿಕೊಂಡಿತು. ಮೊಮ್ಮಗಳ ತುಟಿ ದಾಸವಾಳದ ಹಾಗೆ ಕೆಂಪಗಿತ್ತು. ಬಾಯಿ ಚಪ್ಪರಿಸಿ ಮತ್ತೆ ಮಲಗಿದಳು. ನಾನು ಬೆಳಗಿನವರೆಗೆ ಅವಳ ತುಟಿಯನ್ನೇ ನೋಡುತ್ತಾ ಕೂತಿದ್ದೆ.

ಬೆಳಕು ಹರಿದ ಮೇಲೆ ಸೌದೆಗೆ ಅಂತ ಹಿತ್ತಲಿಗೆ ಹೋದೆ. ರಾತ್ರಿಯ ಇಬ್ಬನಿಗೆ ಹಲಗೆ ನೆನೆದು ಒದ್ದೆಯಾಗಿತ್ತು. ಫ್ಯೂಸಿನ ಖಾಲಿ ಗೂಡುಗಳ ಸಾಲಿನಲ್ಲಿ, ನಮ್ಮ ಕಡೆಯ ಜಾಗದಲ್ಲಿ, ಒಂದು ಬಿಳಿ ಫ್ಯೂಸು ಕೂತಿತ್ತು. ಅದೊಂದು ಮಾತ್ರ ಒಣಗಿತ್ತು. ಮುಟ್ಟಿದೆ... ಬೆಚ್ಚಗಿತ್ತು. ರಾತ್ರಿಯೆಲ್ಲ ಕರೆಂಟು ಹರಿದ ಹಾಗೆ. ಆ ಹಲಗೆಗೆ ಒಂದು ತುಂಡು ತಂತಿಯೂ ಇರಲಿಲ್ಲ.

ಯಜಮಾನರನ್ನು ಕರೆದು ತೋರಿಸಿದೆ. ಅವರು ಟವೆಲ್ಲಿನ ತುದಿಯಿಂದ ಅದನ್ನು ಒರೆಸಿದರು. ಮುನಿರಾಜು ಬಂದು ಎಲ್ಲ ಬಿಚ್ಚಿ ನೋಡಿದ. ಲೂಸ್ ಇಲ್ಲ, ಬಲ್ಬು ಸರಿಯಾಗೇ ಐತೆ ಅಂದ. ಹಲಗೆಯನ್ನು ಒಲೆಗೆ ಹಾಕಲು ನನಗೆ ಕೈ ಬರಲಿಲ್ಲ.

ಸಂಜೆ ಅಳಿಯ ಸೋಂಪುರದ ಫ್ಯಾಕ್ಟರಿಯಿಂದ ನೇರ ಬಂದ, ಅವರಮ್ಮನನ್ನೂ ಕರೆದುಕೊಂಡು. ಮುದ್ದೆ, ಅವರೆಕಾಳು ಸಾರು, ಪಾಯಸ. ಸುಧಾಗೆ ಬೇರೆ, ಮೆಣಸಿನ ಸಾರು. ಎಲ್ಲರೂ ಪಡಸಾಲೆಯಲ್ಲಿ ಒಟ್ಟಿಗೆ ಕೂತೆವು. ಮಗುವಿನ ಮೂಗು ಯಾರದು ಅಂತ ಬೀಗಿತ್ತಿಗೂ ನನಗೂ ವಾದ, ನಗು.

ಊಟಕ್ಕೆ ಮೊದಲು ಯಜಮಾನರು ಒಂದು ಎಲೆಯಲ್ಲಿ ಪಾಯಸ ಹಾಕಿಕೊಂಡು ಸದ್ದಿಲ್ಲದೆ ಹಿತ್ತಲಿಗೆ ಹೋದರು. ಬರಿಗೈಯಲ್ಲಿ ವಾಪಸ್ ಬಂದು ನನ್ನ ಪಕ್ಕ ಕೂತು, "ಅಣ್ಣ ರಾತ್ರೀಲೇ ಹಾಕವ್ನೆ ಕಣೇ," ಅಂದರು, ನನಗೆ ಮಾತ್ರ ಕೇಳುವಷ್ಟು.

ಕಿತ್ತವರು ಯಾರು ಅಂತ ನಾನು ಕೇಳಲಿಲ್ಲ.

"ಅವತ್ತು ಹಾಕ್ಬೇಕಿತ್ತು," ಅಂದೆ.

ಅವರು ತಲೆ ತಗ್ಗಿಸಿ ಮುದ್ದೆ ಮುರಿದರು. ನಾನೂ ಉಂಡೆ, ಹೊಟ್ಟೆ ತುಂಬಾ ಉಂಡೆ. ಆದರೆ ಪ್ರತಿ ತುತ್ತಿಗೂ ನನ್ನ ಕಣ್ಣು ತೆರೆದ ಬಾಗಿಲಾಚೆ, ಮಗುವಿನ ತಲೆಯ ಮೇಲೆ ಉರಿಯುತ್ತಿದ್ದ ಬಲ್ಬಿನ ಮೇಲೆಯೇ ಇತ್ತು.