ಹೊಸಿಲಲ್ಲಿ ನಿಂತು ತೆಗೆದ ಎರಡು ಫೋಟೋ

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸಿಂದಗಿಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಹೊರಗಿನ ಫೋಟೋಗಳಿಗೆ ಹೋಗುವವನು ನಾನು. ಒಳಗೆ ಕೂತು ನೆಗೆಟಿವ್ ತಿದ್ದುವವರು ಮಾಲಕರು. ನಮ್ಮ ಕ್ಯಾಮೆರಾಕ್ಕೆ ಎರಡು ಲೆನ್ಸ್ ಇದ್ದವು. ಗಿಡ್ಡದು ಗುಂಪಿಗೆ, ಉದ್ದದ್ದು ಒಬ್ಬರ ಮುಖಕ್ಕೆ. ಯಾವುದರ ನೋಟವೂ ಹಿಗ್ಗುತ್ತಿರಲಿಲ್ಲ, ಕುಗ್ಗುತ್ತಿರಲಿಲ್ಲ. ಮುಖ ದೊಡ್ಡದಾಗಿ ಬೇಕೆಂದರೆ ನಾನೇ ಹತ್ತಿರ ಹೋಗಬೇಕು, ಎಲ್ಲರೂ ಬೇಕೆಂದರೆ ನಾನೇ ಹಿಂದೆ ಸರಿಯಬೇಕು. ಒಂದನ್ನು ಬಿಚ್ಚಿ ಇನ್ನೊಂದನ್ನು ಹಾಕುವಾಗ ಧೂಳು ಒಳಗೆ ಹೋಗದಂತೆ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದೆ.

ಆ ವರ್ಷ ಮಾಲಕರು ಮುಂಬೈಯಿಂದ ದೊಡ್ಡದೊಂದು ಜೂಮ್ ಲೆನ್ಸ್ ತರಿಸಿದರು. ಅದರ ಮುಂದಿನ ಗಾಜು ಚಹಾದ ಬಸಿಯಷ್ಟು ಅಗಲ. ಮಬ್ಬು ಬೆಳಕಿನ ಮನೆಯೊಳಗೂ ಫ್ಲ್ಯಾಶ್ ಇಲ್ಲದೆ ಕೆಲಸ ನಡೆಯುತ್ತಿತ್ತು. ನಿಂತಲ್ಲೇ ನಿಂತು ಅದರ ಬಳೆ ತಿರುಗಿಸಿದರೆ ಒಮ್ಮೆ ಇಡೀ ಪಡಸಾಲೆ ಕಾಣುತ್ತಿತ್ತು, ಒಮ್ಮೆ ಒಬ್ಬರ ಮುಖವಷ್ಟೇ. ಭಾರ ಮಾತ್ರ ವಿಪರೀತ. ಕೊರಳಿಗೆ ಹಾಕಿಕೊಂಡು ಬಸ್ ಹತ್ತಿದಾಗ ಕಂಡಕ್ಟರ್ ಸುಮ್ಮನೆ ಬಿಡುತ್ತಿರಲಿಲ್ಲ.

"ಏನ್ರಿ, ಬಿಜಾಪುರದ ಬುರುಜಿನ ಮ್ಯಾಲಿಂದ ತೋಫು ಇಳಿಸ್ಕೊಂಡ ಬಂದೀರೇನು? ಅದಕ್ಕೂ ಒಂದ ಟಿಕೀಟ ಹರೀಲ್ಯಾ?"

ಒಂದು ಮಧ್ಯಾಹ್ನ ಕನ್ನೊಳ್ಳಿಯಿಂದ ಕರೆ ಬಂತು. ವಯಸ್ಸಾದ ತಾಯಿಯೊಬ್ಬರು ತೀರಿಕೊಂಡಿದ್ದರು.

ನಮ್ಮ ಕಡೆ ಎಷ್ಟೋ ಮನೆತನಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡ್ರಿಸುತ್ತಾರೆ. ಹಣೆಗೆ ವಿಭೂತಿ ಹಚ್ಚಿ, ಹಾರ ಹಾಕಿ, ತಲೆ ವಾಲದಂತೆ ಗೋಡೆಯ ಗೂಟಕ್ಕೆ ಬಟ್ಟೆ ಕಟ್ಟುತ್ತಾರೆ. ಮಣ್ಣಿಗೆ ಒಯ್ಯುವ ಮೊದಲು ಮನೆಯವರೆಲ್ಲ ಸುತ್ತ ಕುಳಿತು ಒಂದು ಫೋಟೋ ತೆಗೆಸುತ್ತಾರೆ. ಎಷ್ಟೋ ಜನರಿಗೆ ಅದೇ ಮೊದಲನೆಯ ಫೋಟೋ.

ನಾನು ಹೋದಾಗ ಪಡಸಾಲೆ ಬಾಗಿಲವರೆಗೆ ತುಂಬಿತ್ತು. ಆ ತಾಯಿಯ ಬೆನ್ನು ಬಹಳ ವರ್ಷಗಳಿಂದ ಬಾಗಿತ್ತಂತೆ. ಬಟ್ಟೆ ಕಟ್ಟಿದರೂ ತಲೆ ಮುಂದಕ್ಕೆ ಬೀಳುತ್ತಿತ್ತು. ಪಕ್ಕದಲ್ಲಿ ನಿಂತು ಅದನ್ನು ಮತ್ತೆ ಮತ್ತೆ ಎತ್ತುತ್ತಿದ್ದವಳು ಕಿರಿಯ ಸೊಸೆ. ಗಂಡ ತೀರಿಹೋಗಿದ್ದ, ಅತ್ತೆ ಹಾಸಿಗೆ ಹಿಡಿದಾಗಿನಿಂದ ಎಬ್ಬಿಸಿ ಕೂಡ್ರಿಸಿ ಗಂಜಿ ಕುಡಿಸಿದ್ದು ಆಕೆಯೇ ಎಂದು ಬಾಗಿಲಲ್ಲಿ ನಿಂತವರು ಹೇಳಿದರು. ಆಕೆ ಮನೆಯ ಹಿರಿಯ ಮಗನಿಗೆ ಹೇಳುತ್ತಿದ್ದಳು:

"ಭಾವಾರ, ಅತ್ತೀದೂ ನಂದೂ ಇಬ್ಬರದ ಒಂದ ಫೋಟೋ ತಗಸ್ರಿ. ಆಕಿ ಜೋಡಿ ನಂದು ಒಂದೂ ಇಲ್ಲ."

"ತಗಸೂಣು ತಂಗಿ, ಯಾರ ಬ್ಯಾಡ ಅಂದಾರ? ಮೊದಲ ಎಲ್ಲಾರದೂ ಆಗ್ಲಿ. ಈಗ ನೀ ಮುಂದ ಬಂದ ಕುಂತ್ರ ತಲಿ ಯಾರ ಹಿಡೀಬೇಕು? ನನ್ನ ಕೈ ನೋಡು, ಹೆಂಗ ನಡಗತಾವು."

ಮೂಲೆಯಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಮೂಗು ಒರೆಸಿಕೊಳ್ಳುತ್ತ ಅಂದಳು: "ಹಿಡಿಯವ್ವಾ, ನಿನ್ನ ಕೈ ಆಕಿಗಿ ರೂಢಿ ಐತಿ. ಬ್ಯಾರೇದವರು ಮುಟ್ಟಿದ್ರ ಈಗೂ ಎದ್ದ ಬೈದಾಳು!"

ಅಳುತ್ತಿದ್ದವರಲ್ಲಿ ಇಬ್ಬರು ಮೂವರು ನಕ್ಕುಬಿಟ್ಟರು. ಸೊಸೆಯೂ ನಕ್ಕಳು. ಗೋಡೆಗೂ ಅತ್ತೆಗೂ ನಡುವೆ ಮಂಡಿಯೂರಿ ಕುಳಿತು ಹಿಂದಿನಿಂದ ತಲೆ ಹಿಡಿದಳು. ಆಕೆಯ ಮೇಲೆ ಒಂದು ಕೌದಿ ಹೊದಿಸಿದರು. ನೋಡುವವರಿಗೆ ಈಗ ಅಲ್ಲಿ ಗೋಡೆಗೆ ಇಳಿಬಿಟ್ಟ ಕೌದಿ, ಅದರ ಮುಂದೆ ನೆಟ್ಟಗೆ ಕುಳಿತ ತಾಯಿ, ಅಷ್ಟೇ.

ಹಳೆಯ ಲೆನ್ಸ್ ಆಗಿದ್ದರೆ ಜನರನ್ನು ಎಬ್ಬಿಸಿ ದಾರಿ ಮಾಡಿಕೊಂಡು ಒಳಗೆ ಹೋಗಬೇಕಿತ್ತು. ನಾನು ಹೊಸಿಲಲ್ಲೇ ನಿಂತು ಎಡ ಭುಜವನ್ನು ಬಾಗಿಲ ಚೌಕಟ್ಟಿಗೆ ಒತ್ತಿದೆ. ಜೂಮಿನಲ್ಲಿ ಮೊದಲು ಬಳೆಯನ್ನು ಕೊನೆಯವರೆಗೆ ತಿರುಗಿಸಿ ಮುಖವನ್ನು ಹತ್ತಿರ ತಂದುಕೊಳ್ಳಬೇಕು, ಕಣ್ಣು ಸ್ಪಷ್ಟವಾಗುವವರೆಗೆ ಹೊಂದಿಸಬೇಕು, ಆಮೇಲೆ ಹಿಂದಕ್ಕೆ ತಿರುಗಿಸಿ ಎಲ್ಲರನ್ನೂ ಒಳಗೆ ತೆಗೆದುಕೊಳ್ಳಬೇಕು. ಹಾಗೆಯೇ ಮಾಡಿದೆ. ಸತ್ತವರ ಮುಖ ಕಣ್ಣ ತುಂಬ ಬಂತು. ಮುಚ್ಚಿದ ರೆಪ್ಪೆ, ವಿಭೂತಿಯ ಬಿರುಕು.

ಆಗ ಕೆನ್ನೆ ಅಲುಗಿತು.

ಕ್ಯಾಮೆರಾ ಇಳಿಸಿ ಬರಿಗಣ್ಣಿನಿಂದ ನೋಡಿದೆ, ಏನೂ ಇಲ್ಲ. ಮತ್ತೆ ಲೆನ್ಸಿನಲ್ಲಿ ನೋಡಿದೆ. ದವಡೆಯ ಕೆಳಗೆ, ಸೆರಗಿನ ಅಂಚಿನಲ್ಲಿ, ಬೆರಳುಗಳು ಕಂಡವು. ಅವು ತಲೆಯ ಭಾರ ಹೊತ್ತಿದ್ದವು. ಹೆಬ್ಬೆರಳೊಂದು ಮಾತ್ರ ಕಿವಿಯ ಪಕ್ಕದಲ್ಲಿ ಕೆನ್ನೆಯನ್ನು ಮೆಲ್ಲಗೆ ಸವರುತ್ತಿತ್ತು, ಮಕ್ಕಳನ್ನು ಮಲಗಿಸುವಾಗ ಸವರುವ ಹಾಗೆ. ಕುಳಿತವರೆಲ್ಲ ನನ್ನ ಕಡೆ ನೋಡುತ್ತಿದ್ದರು. ಅದು ಕಂಡದ್ದು ನನಗೊಬ್ಬನಿಗೇ. ಬಳೆ ಹಿಂದಕ್ಕೆ ತಿರುಗಿಸಿ, ಗುಂಪಿನ ಫೋಟೋ ತೆಗೆದೆ.

ಕ್ಲಿಕ್ ಆದದ್ದೇ ತಡ, ಹೊರಗಿನಿಂದ ಗಂಡಸರು ನುಗ್ಗಿದರು. "ಏಳ್ರಿ, ಏಳ್ರಿ, ಹೊತ್ತ ಮುಣಗೂದ್ರಾಗ ಮಣ್ಣ ಆಗಬೇಕು." ಯಾರೋ ಕೌದಿ ಎಳೆದರು, ಯಾರೋ ಬಟ್ಟೆ ಬಿಚ್ಚಿದರು. ಸೊಸೆ ಮುಂದೆ ಬಂದು, ವಾಲುತ್ತಿದ್ದ ತಲೆಯನ್ನು ತನ್ನ ಹೆಗಲಿಗೆ ಆನಿಸಿಕೊಂಡಳು. ಆ ಗದ್ದಲದಲ್ಲಿ ಹಿರಿಯ ಮಗನಿಗೆ ತಾನು ಕೊಟ್ಟ ಮಾತು ಮರೆತುಹೋದಂತಿತ್ತು. ಆಕೆಯೂ ಮತ್ತೆ ಕೇಳಲಿಲ್ಲ.

"ಒಂದ ನಿಮಿಷ ನಿಲ್ರಿ!" ಎಂದು ನಾನೇ ಕೂಗಿದೆ. "ಅಕ್ಕಾರದ ಒಂದ ಬಾಕಿ ಐತಿ."

ಹಿರಿಯ ಮಗ ಹಣೆ ಬಡಿದುಕೊಂಡು ಎಲ್ಲರನ್ನೂ ಕೈಯಿಂದ ತಡೆದರು. ಒಳಗೆ ಬೆಳಕು ಸೋತಿತ್ತು. ಹತ್ತಿರ ಹೋಗಲು ದಾರಿಯಿರಲಿಲ್ಲ, ಲೆನ್ಸ್ ಬದಲಿಸುವಷ್ಟು ಹೊತ್ತು ಯಾರೂ ನಿಲ್ಲುತ್ತಿರಲಿಲ್ಲ. ನಿಂತಲ್ಲೇ ಬಳೆ ತಿರುಗಿಸಿ ಇಬ್ಬರನ್ನಷ್ಟೇ ಹಿಡಿದೆ. ಲೆನ್ಸನ್ನು ಪೂರ್ತಿ ತೆರೆದರೂ ಆ ಬೆಳಕು ಸಾಲಲಿಲ್ಲ, ಶಟರನ್ನು ನಿಧಾನಕ್ಕೆ ಇಟ್ಟೆ; ಅದು ಮುಚ್ಚುವವರೆಗೆ ಯಾರೂ ಅಲುಗಬಾರದು. "ಅಕ್ಕಾ, ಹಂಗ ಇರ್ರಿ," ಎಂದೆ. ಆಕೆ ನನ್ನ ಕಡೆ ನೋಡಲಿಲ್ಲ. ನಾನು ಒತ್ತಿದ ಗಳಿಗೆಯಲ್ಲೇ ಅತ್ತೆಯ ಮುಖದ ಕಡೆ ತಲೆ ಬಾಗಿಸಿದಳು.

ಸ್ಟುಡಿಯೋದಲ್ಲಿ ಫಿಲ್ಮ್ ತೊಳೆದು ನೋಡಿದಾಗ ಎರಡನೆಯ ಫೋಟೋ ಹೆದರಿದಂತೆಯೇ ಆಗಿತ್ತು. ಅತ್ತೆಯ ಒಂದೊಂದು ಹುಬ್ಬುಗೂದಲೂ ಎಣಿಸುವಂತಿತ್ತು. ಸೊಸೆಯ ಮುಖ ಮಾತ್ರ ಮಂಜಿನಂತೆ ಮಸುಕಾದ ಒಂದು ಗೆರೆ.

"ಸತ್ತಾಕಿ ಛೊಲೋ ಬಂದಾಳ, ಇದ್ದಾಕಿ ಕೆಟ್ಟಾಳಲ್ಲೋ," ಎಂದರು ಮಾಲಕರು. ಆಮೇಲೆ ತಮ್ಮ ಮಾತಿಗೆ ತಾವೇ ಕಸಿವಿಸಿಗೊಂಡು ಗುಂಪಿನ ನೆಗೆಟಿವ್ ಎತ್ತಿಕೊಂಡರು. ಹಿಂದೆ ಹಿಡಿದವರ ಕೈ ಕಂಡರೆ ಪೆನ್ಸಿಲಿನಿಂದ ತಿದ್ದಿ ಮರೆಮಾಡುವುದು ನಮ್ಮಲ್ಲಿ ರೂಢಿ.

"ಅದನ್ನ ಮುಟ್ಟಬ್ಯಾಡ್ರಿ," ಎಂದೆ. "ಅವರ ಬಂದ ನೋಡ್ಲಿ."

ಸಂತೆಯ ದಿನ ಹಿರಿಯ ಮಗ, ಸೊಸೆ ಇಬ್ಬರೂ ಬಂದರು. ಹಿರಿಯ ಮಗ ಗುಂಪಿನ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದರು. "ಅವ್ವನ ಗದ್ದದ ಕೆಳಗ ಇದ್ಯಾರ ಕೈರಿ?" ಎಂದು ಕೇಳುತ್ತಲೇ ಸೊಸೆಯ ಕಡೆ ತಿರುಗಿದರು.

"ಮುಚ್ಚಿ ಕೊಡ್ತೇನ್ರಿ," ಎಂದರು ಮಾಲಕರು.

"ಬ್ಯಾಡ್ರಿ. ನಾವೆಲ್ಲಾ ಮಾರಿ ತೋರಿಸ್ಕೋತ ಕುಂತೇವಿ. ಆಕೀದ ಇದರಾಗ ಇಷ್ಟ ಐತಿ."

ಎರಡನೆಯದನ್ನು ನಾನು ಸೊಸೆಯ ಕೈಗೆ ಕೊಟ್ಟೆ. ಆಕೆ ಬಾಗಿಲ ಬೆಳಕಿಗೆ ಹೋಗಿ ಬಹಳ ಹೊತ್ತು ನೋಡಿದಳು.

"ನಾ ಅಲಗ್ಯಾಡಿದೆ ಏನ್ರಿ ಅಣ್ಣಾರ?"

"ಹೌದ್ರಿ ಅಕ್ಕಾ. ಬೆಳಕೂ ಕಡಿಮಿ ಇತ್ತು."

ಭಾವ ಇಣುಕಿ ನೋಡಿ ಮುಖ ಸಣ್ಣದು ಮಾಡಿದರು. "ನಿನ್ನ ಮಾರೀನ ಇಲ್ಲಲ್ಲ ತಂಗಿ. ಇಲ್ಲೇ ಕುಂಡ್ರು, ನಿಂದೊಂದ ಬ್ಯಾರೆ ತಗಸೂಣು. ಇವರು ಎರಡೂ ಕೂಡಿಸಿ ಒಂದ ಮಾಡಿ ಕೊಡ್ತಾರ."

ಅಂಥ ಕೆಲಸ ನಾವು ಮಾಡುತ್ತಿದ್ದೆವು. ಮಾಲಕರು ಆಗಲೇ ಸ್ಟೂಲು ಎಳೆದಿದ್ದರು. ಆಕೆ ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಭಾವಾರ. ಅತ್ತಿ ತಲಿ ನನ್ನ ಹೆಗಲ ಮ್ಯಾಲೈತಿ, ಅದ ಕಾಣಸ್ತೈತಿ. ನನ್ನ ಮಾರಿ ಅವತ್ತ ಹಿಂಗ ಇತ್ತು."

ಹಿರಿಯ ಮಗ ಎರಡೂ ಫೋಟೋಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು, ಎರಡಕ್ಕೂ ಒಂದೇ ಅಳತೆಯ ಕಟ್ಟು ಹಾಕಲು ಹೇಳಿದರು. ಮಾಲಕರು ಗಾಜು ಕೊಯ್ಯಲು ಕುಳಿತರು.