ಒಗೆಯದ ಬಲೆ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ದೋಣಿಯ ಪಕ್ಕ ನಿಂತು ಬಲೆಯಕ್ಕ ಮೊದಲ ಬೆಂಡನ್ನು ಮೆಲ್ಲಗೆ ಎತ್ತುತ್ತಾರೆ. ಕತ್ತಲಿರುವಾಗಲೇ ಬಂದು ಅವರೇ ಇಳಿಬಿಟ್ಟ ಬಲೆ ಕೆರೆಯೊಳಗೆ ಗೋಡೆಯ ಹಾಗೆ ನಿಂತಿದೆ. ಮೇಲೆ ತೇಲುವ ಬೆಂಡು, ಕೆಳಗೆ ಸೀಸದ ಗುಂಡು, ನಡುವೆ ಬೇರೆಬೇರೆ ಅಳತೆಯ ಕಣ್ಣುಗಳು. ಕಿವಿರಿನ ಹತ್ತಿರ ದಾರ ಸಿಕ್ಕಿಕೊಂಡ ಬೆರಳುದ್ದದ ಮೀನೊಂದು ಒದ್ದಾಡುತ್ತಿದೆ. ಹಿಂದಕ್ಕೆಳೆದರೆ ಕಿವಿರು ಹರಿಯುತ್ತದೆಂದು ಅವರು ಒದ್ದೆ ಕೈಯಲ್ಲಿ ಅದನ್ನು ಮುಂದಕ್ಕೇ ನೂಕಿ ಬಿಡಿಸುತ್ತಾರೆ. “ಬಂದಿದ್ದು ಬಂದೆ, ಹಂಗೇ ಮುಂದಕ್ಕೆ ನಡಿಯಪ್ಪ” ಎಂದು ಬುದ್ಧಿಮಾತೂ ಹೇಳುತ್ತಾರೆ. ಅಳತೆಪಟ್ಟಿಯ ಮೇಲೆ ಒಂದು ಕ್ಷಣ ಮಲಗಿಸಿ, ಉದ್ದ ಎಷ್ಟೆಂದು ಪಿಸುದನಿಯಲ್ಲಿ ಹೇಳಿ, ಮೀನನ್ನು ಬಲೆಯಿಂದಾಚೆ ಬಿಡುತ್ತಾರೆ. ದೋಣಿಯಲ್ಲಿ ಕುಳಿತ ಮೇಡಂ ಬರೆದುಕೊಳ್ಳುತ್ತಾರೆ. ಮೇಡಂ ಎಂದರೆ ದಂಡೆಯ ಮೇಲಿರುವ ಮೀನು ಸಂಶೋಧನಾ ಕೇಂದ್ರದ ವಿಜ್ಞಾನಿ.

ಕೆರೆಯಲ್ಲಿ ಯಾವ ಮೀನು ಎಷ್ಟಿವೆ ಎಂದು ತಿಳಿಯಲು ಎಲ್ಲವನ್ನೂ ಹಿಡಿಯಲಾಗುವುದಿಲ್ಲ. ಅಲ್ಲಲ್ಲಿ ಬಲೆಯಿಟ್ಟು, ಬಿದ್ದದ್ದನ್ನು ನೋಡಿ ಉಳಿದದ್ದನ್ನು ಅಂದಾಜು ಮಾಡಬೇಕು. ಆ ಬಲೆ ಇಡುವ, ಎತ್ತುವ, ಹೊಲಿಯುವ ಕೆಲಸ ಬಲೆಯಕ್ಕನದು. ಕೇಂದ್ರಕ್ಕೆ ಅವರು ಬಂದದ್ದು ನೆಲ ಒರೆಸಲು. ಒಂದು ದಿನ ಹರಿದ ಬಲೆಯೊಂದು ಮೂಲೆಯಲ್ಲಿ ಬಿದ್ದಿದ್ದನ್ನು ಕಂಡು ಕೈ ಸುಮ್ಮನಿರದೆ ಹೊಲಿದುಬಿಟ್ಟರು. ಅಂದಿನಿಂದ ಒರೆಸುವ ಬಟ್ಟೆ ಬೇರೆಯವರ ಕೈಗೆ ಹೋಯಿತು, ಅವರಿಗೆ ಬಲೆಯಕ್ಕ ಎಂಬ ಹೆಸರು ಬಂತು.

“ನಮ್ಮಪ್ಪ ಮೀನು ಹಿಡೀತಿದ್ದ. ಅವನ ದೋಣಿ ತಮ್ಮನಿಗೆ ಬಂತು, ಸೂಜಿ ನನಗೆ ಬಂತು” ಎಂದು ನಗುತ್ತಾರೆ. ನಗುವಾಗಲೂ ಬಲಗೈ ಹೆಬ್ಬೆರಳನ್ನು ಎಡಗೈ ಉಜ್ಜುತ್ತಲೇ ಇರುತ್ತದೆ. ವರ್ಷಗಟ್ಟಲೆ ದಾರ ಎಳೆದೆಳೆದು ಆ ಬೆರಳು ಸೆಟೆದುಕೊಂಡಿದೆ. ಚಳಿಗಾಲದಲ್ಲಿ ನೀರಿಗಿಳಿದರೆ ಮೊಣಕಾಲಿನ ನೋವು ಮಧ್ಯಾಹ್ನದವರೆಗೂ ಬಿಡುವುದಿಲ್ಲ.

ಆಳವಿಲ್ಲದ ಕೆರೆಯ ಮೀನಿಗೆ ಕಿವಿ, ಕಣ್ಣು ಎರಡೂ ಚುರುಕು ಎನ್ನುತ್ತಾರೆ ಬಲೆಯಕ್ಕ. ಆಳದ ನೀರಾದರೆ ಹೆದರಿದ ಮೀನು ಕೆಳಕ್ಕಿಳಿದು ಪಾರಾಗುತ್ತದೆ. ಇಲ್ಲಿ ಇಳಿಯಲು ಜಾಗವಿಲ್ಲ, ಹಾಗಾಗಿ ಸಣ್ಣ ಸದ್ದಾದರೂ ಎಲ್ಲವೂ ಜೊಂಡಿನೊಳಗೆ ನುಗ್ಗಿ ಅವಿತುಕೊಳ್ಳುತ್ತವೆ. ಅದಕ್ಕೇ ಅವರ ದೋಣಿಯ ಹುಟ್ಟುಗಳಿಗೆ ಹಳೆಯ ಬಟ್ಟೆ ಸುತ್ತಿದೆ. ಬಲೆ ಇಳಿಯುವಾಗ ಮೇಡಂ ಸೀನಿದರೂ ಬಲೆಯಕ್ಕನ ಹುಬ್ಬು ಮೇಲೇರುತ್ತದೆ.

ಇಷ್ಟೆಲ್ಲ ಜಾಗ್ರತೆಯಿದ್ದವರೇ ಹೋದ ವರ್ಷ ಒಂದು ಎಡವಟ್ಟು ಮಾಡಿಕೊಂಡರು. ಅವರ ಚೊಕ್ಕಟತನವೇ ಅದಕ್ಕೆ ಕಾರಣ. ಬಲೆ ಎತ್ತಿದ ದಿನವೇ ಅದನ್ನು ಸೋಪಿನ ನೀರಿನಲ್ಲಿ ನೆನೆಸಿ, ಬ್ರಷ್ಷಿನಿಂದ ಪಾಚಿ ಉಜ್ಜಿ ತೆಗೆದು, ಬಿಸಿಲಿಗೆ ಹರವುವುದು ಅವರ ಅಭ್ಯಾಸ. ನೈಲಾನ್ ದಾರ ಹಾಲಿನಂತೆ ಹೊಳೆಯಬೇಕು. “ಈ ದಂಡೇಲಿ ನನ್ನಷ್ಟು ಚೊಕ್ಕ ಬಲೆ ಯಾರ ಹತ್ರ ಇದೆ, ತೋರಿಸಿ” ಎಂದು ಸವಾಲು ಹಾಕುತ್ತಿದ್ದರು. ತಮ್ಮನ ಮನೆಯ ಮುಂದೆ ಹೋಗುವಾಗಲಂತೂ ಅವನ ಗಲೀಜು ಬಲೆಗಳನ್ನು ಕಂಡು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಕೆರೆಯ ನೀರು ಕದಡಿಕೊಂಡಿದ್ದ ಕಾಲದಲ್ಲಿ ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಹೋದ ವರ್ಷ ತಳದಲ್ಲಿ ಗಿಡಗಳು ದಟ್ಟವಾಗಿ ಬೆಳೆದು ನೀರು ತಿಳಿಯಾಯಿತು. ಅದೇ ಹೊತ್ತಿಗೆ ಕೇಂದ್ರದ ಬಲೆಗಳು ಬರಿದಾಗಿ ಬರತೊಡಗಿದವು. ಕೆರೆ ನೋಡಿಕೊಳ್ಳುವ ಮಂಡಳಿಯವರು ಗಾಬರಿಬಿದ್ದರು. ಮೀನು ಮುಗಿದುಹೋಗಿದೆ, ಕೆಲವು ವರ್ಷ ಯಾರೂ ಬಲೆ ಹಾಕಕೂಡದು ಎನ್ನುವ ಮಾತು ಬಂತು. ಮೀನಿದೆಯೆಂದು ಮೀನುಗಾರರು ಹೇಳಿದರೆ, ಅದರಿಂದಲೇ ಬದುಕುವವರು ಇನ್ನೇನು ಹೇಳುತ್ತಾರೆ ಎಂದು ತಳ್ಳಿಹಾಕಿದರು. ಮೇಡಂಗೆ ಮಾತ್ರ ಅನುಮಾನ. ಇಷ್ಟು ತಿಳಿನೀರು, ಮೀನು ತಿನ್ನುವ ಇಷ್ಟೊಂದು ಹಕ್ಕಿ, ಮೀನು ಮಾತ್ರ ಎಲ್ಲಿ ಹೋಯಿತೆಂದು ಮಂಡಳಿಗೆ ಕೊಡಬೇಕಿದ್ದ ವರದಿಗೆ ಸಹಿ ಹಾಕದೆ ತಡೆದಿಟ್ಟರು.

ಬಲೆಯಕ್ಕನ ಮನೆಗೆ ಬರುವುದನ್ನೇ ತಮ್ಮ ನಿಲ್ಲಿಸಿದ. ಕೊನೆಗೊಂದು ಸಂಜೆ ಬಂದವನು ಒಳಗೂ ಕಾಲಿಡದೆ ಬಾಗಿಲಲ್ಲೇ ನಿಂತು ಕೇಳಿದನಂತೆ: “ಅಕ್ಕಾ, ನನ್ನ ಬಲೆಗೆ ಬೀಳೋ ಮೀನು ನಿನ್ನ ಬಲೆಗೆ ಯಾಕೆ ಬೀಳಲ್ಲ? ನನ್ನ ಮಕ್ಕಳ ಅನ್ನ ಅದು. ನೀನೇ ಕಿತ್ಕೋತೀಯಾ?”

“ಎದೆಗೆ ಒದ್ದ ಹಾಗಾಯ್ತು” ಎನ್ನುತ್ತಾರೆ ಬಲೆಯಕ್ಕ. “ಊಟ ಸೇರಲಿಲ್ಲ.”

ಮರುದಿನ ಬಲೆ ಇಟ್ಟಮೇಲೆ ಅವರು ದಡಕ್ಕೆ ಮರಳಲಿಲ್ಲ. ದೋಣಿಯ ಅಂಚಿಗೆ ಗಲ್ಲ ಊರಿ, ಅಲುಗಾಡದೆ ನೀರೊಳಗೆ ನೋಡುತ್ತ ಮಲಗಿದರು. ಬೆಳಕು ಬಿದ್ದಂತೆ ಮೀನುಗಳು ಜೊಂಡಿನಿಂದ ಹೊರಬಂದವು. ಒಂದಲ್ಲ ಎರಡಲ್ಲ, ಹಿಂಡೇ ಬಂತು. ಬಲೆಯಿಂದ ಗೇಣುದೂರದಲ್ಲಿ ಬಂದು ನಿಂತವು. ಬಿಳಿ ದಾರದ ಉದ್ದಕ್ಕೂ ಈಜಿ, ಕೊನೆ ಸಿಕ್ಕಿದೊಡನೆ ಸುತ್ತುಹಾಕಿ ಆಚೆ ಹೋದವು. ಎಲ್ಲೋ ಒಂದು ಸಿಕ್ಕಿಬಿದ್ದು ಪಟಪಟ ಬಡಿದುಕೊಂಡಿತು, ಹಿಂದಿದ್ದವು ದಿಕ್ಕಾಪಾಲಾದವು.

ಬಲೆಯಕ್ಕ ನೇರ ಮೇಡಂ ಮುಂದೆ ಹೋಗಿ ನಿಂತರು. “ಮೀನು ಇದೆ ಮೇಡಂ. ನಾನು ಒಗೆದೂ ಒಗೆದೂ ಬಲೇನ ಅವಕ್ಕೆ ಕಾಣೋ ಹಾಗೆ ಮಾಡಿದೀನಿ. ತಪ್ಪು ನಂದು.”

ಮೇಡಂ ಬೈಯಲಿಲ್ಲ. ನೀರು ತಿಳಿಯಾದಾಗ ದಾರದ ಬಣ್ಣದ ಬಗ್ಗೆ ತಾನೂ ಯೋಚಿಸಬೇಕಿತ್ತು ಎಂದರು. ಆದರೆ ಕಣ್ಣಲ್ಲಿ ಕಂಡದ್ದು ಮಂಡಳಿಗೆ ಸಾಲದು, ಪರೀಕ್ಷೆ ಮಾಡಬೇಕು. ಒಂದು ಬಲೆಯನ್ನು ಪಾಚಿ ಹಿಡಿಯಲೆಂದು ಜೊಂಡಿನ ನಡುವೆ ಮುಳುಗಿಸಿಟ್ಟರು. ಆ ಕೆಲವು ವಾರ ಬಲೆಯಕ್ಕನ ಅವಸ್ಥೆ ಹೇಳತೀರದು. ದಿನವೂ ಹೋಗಿ ನೋಡುವುದು, ಉಜ್ಜಲು ಕೈ ತುರಿಸುವುದು, ವಾಪಸು ಬರುವುದು. ಪಾಚಿ ಹಿಡಿದು ಬಲೆ ಹಸಿರುಗಂದಾದ ಮೇಲೆ, ಅದನ್ನೂ ಬಿಳಿ ಬಲೆಯನ್ನೂ ಹಲವು ಮುಂಜಾವು ಅಕ್ಕಪಕ್ಕ ಇಟ್ಟರು. ಬಿಳಿಯದರಲ್ಲಿ ಅಲ್ಲೊಂದು ಇಲ್ಲೊಂದು ಮೀನು. ಹಸಿರುಗಂದು ಬಲೆ ಎತ್ತುವಾಗ ಇಬ್ಬರೂ ಸೇರಿ ಎಳೆಯಬೇಕಾಯಿತು. ಬಲೆಯಕ್ಕ ನೀರಿನಲ್ಲಿ ನಿಂತೇ ಅತ್ತುಬಿಟ್ಟರು. ಮಂಡಳಿಯವರು ದಂಡೆಗೆ ಬಂದು ಕಣ್ಣಾರೆ ನೋಡಿ, ಕೆರೆ ಮುಚ್ಚುವ ಮಾತನ್ನು ಕೈಬಿಟ್ಟರು.

ತಮ್ಮ ಈಗ ಮತ್ತೆ ಮನೆಗೆ ಬರುತ್ತಾನೆ. ಬಂದವನು ಸೋಪಿನ ಡಬ್ಬಿ ಎಲ್ಲಿದೆಯೆಂದು ಕೇಳಿ ಕಾಲೆಳೆಯುತ್ತಾನೆ. ಕೇಂದ್ರದ ಹಿತ್ತಲಿನ ತಂತಿಯ ಮೇಲೆ ಸಾಲಾಗಿ ಹಸಿರುಗಂದು ಬಲೆಗಳು ತೂಗುತ್ತವೆ. ಅವನ್ನು ಬರೀ ಕೆರೆನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸುತ್ತಾರೆ. ಈ ಬರಹದ ಜೊತೆ ಹಾಕಲು ಅವುಗಳ ಮುಂದೆ ನಿಲ್ಲಿಸಿ ಫೋಟೋ ತೆಗೆಯಬೇಕೆಂದಾಗ ಬಲೆಯಕ್ಕ ನಾಚುತ್ತಾರೆ. ನನ್ನದೇಕೆ, ಬಲೆಯದು ಹಾಕಿ ಎನ್ನುತ್ತಾರೆ. ಒತ್ತಾಯಕ್ಕೆ ಕೂದಲು ಸರಿಮಾಡಿಕೊಂಡು ನಿಂತವರು, ಪಕ್ಕದ ಬಲೆಯ ಮಡಿಕೆಯೊಂದನ್ನು ಬಿಡಿಸಿ ಪಾಚಿ ಚೆನ್ನಾಗಿ ಕಾಣುವಂತೆ ಹರವುತ್ತಾರೆ.

“ನೋಡ್ಕೊಳ್ಳಿ” ಎನ್ನುತ್ತಾರೆ. “ಇಷ್ಟು ಗಲೀಜು ಬಲೆ ಈ ದಂಡೇಲಿ ಇನ್ಯಾರ ಹತ್ರಾನೂ ಇಲ್ಲ. ನನ್ನ ತಮ್ಮನ ಹತ್ರಾನೂ ಇಲ್ಲ.”