ಕುಡಿಯದವನ ವೈನು

ಬೆಂಗಳೂರಿನ ವಿಜಯನಗರದ ಸಿದ್ದಬಸಪ್ಪನ ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಬೀಡಿ ಸೇದಿದವನಲ್ಲ, ಹೆಂಡ ಮುಟ್ಟಿದವನಲ್ಲ. ಅಂಥವನು ತಾನು ಬದುಕಿನಲ್ಲಿ ನೆಟ್ಟಗೆ ಮಾಡಿದ್ದು ಒಂದೇ ಕೆಲಸ, ಅದು ವೈನು ಎಂದು ನಂಬಿಕೊಂಡಿದ್ದ. ಇದನ್ನು ಹೊರಗೆ ಹೇಳಿಕೊಳ್ಳುವ ಹಾಗಿರಲಿಲ್ಲ, ಹೇಳಿಕೊಳ್ಳದೆ ಅವನಿಗೆ ತಡೆಯುತ್ತಲೂ ಇರಲಿಲ್ಲ.

ಆಗಿದ್ದು ಇಷ್ಟು. ವಯಸ್ಸಿನಲ್ಲಿ ಅವನು ಏಸಿ ಮೆಕ್ಯಾನಿಕ್ಕಾಗಿ ಮರಳುಗಾಡಿನ ದೇಶವೊಂದಕ್ಕೆ ಹೋಗಿದ್ದ. ಕುಡಿತ ಅಲ್ಲಿ ಅಪರಾಧ. ಆದರೂ ಕೆಲಸಗಾರರ ಕ್ಯಾಂಪಿನ ಗೆಳೆಯರು ದ್ರಾಕ್ಷಿ ಹಿಸುಕಿ, ಸಕ್ಕರೆ ಸುರಿದು, ಬ್ರೆಡ್ಡಿನ ಯೀಸ್ಟು ಬೆರೆಸಿ ನೀರಿನ ಕ್ಯಾನಿಗೆ ತುಂಬಿದರು. ಎಲ್ಲಿ ಬಚ್ಚಿಡುವುದು? ವಿಭೂತಿ ಹಚ್ಚಿದವನ ಮಂಚದ ಕೆಳಗೆ ಯಾರೂ ಬಗ್ಗಿ ನೋಡುವುದಿಲ್ಲ ಎಂದು ಅಲ್ಲಿಗೇ ತಳ್ಳಿದರು.

ಮಲಗಿದರೆ ಬೆನ್ನಡಿಯಲ್ಲೇ ಗುಳುಗುಳು. ಕ್ಯಾನು ಸಿಡಿದೀತೆಂಬ ಭಯಕ್ಕೆ ಸಿದ್ದಬಸಪ್ಪ ಮುಚ್ಚಳ ಸಡಿಲಿಸಿದ. ಅಲ್ಲಿಂದ ಆರೈಕೆ ಶುರುವಾಯಿತು. ಸೆಕೆಗೆ ಕೆಡದಿರಲೆಂದು ಒದ್ದೆ ಗೋಣಿ ಸುತ್ತಿದ; ಏಸಿಯ ಗಾಳಿಯನ್ನು ಅದರ ಕಡೆ ತಿರುಗಿಸಿ ತಾನು ಬೆವರಿದ. ಕೊನೆಗೆ ಕ್ಯಾನಿಗೆ ಕಿವಿಯಿಟ್ಟು, "ಇನ್ನೂ ಆಗಿಲ್ಲ" ಎಂದು ತೀರ್ಪು ಕೊಡುವ ಮಟ್ಟಕ್ಕೆ ಬಂದ. ರುಚಿ ಮಾತ್ರ ನೋಡುತ್ತಿರಲಿಲ್ಲ. ಅದಕ್ಕೆ ಕುಡಿಯುವವರ ಮುಖಗಳಿದ್ದವಲ್ಲ! ಶುಕ್ರವಾರ ರಜೆ. ಮಧ್ಯಾಹ್ನ ಎಲ್ಲರೂ ಅವನ ಮಂಚದ ಮೇಲೆ ಸಾಲಾಗಿ ಕೂತು, ಗುಟುಕಿಗೊಮ್ಮೆ ಕಣ್ಣು ಬಿಗಿಯಾಗಿ ಮುಚ್ಚಿ ತಲೆ ಕೊಡವುತ್ತಿದ್ದರು. ಎಂಥ ಸುಖ ಕೊಡುತ್ತಿದ್ದೇನೆ ಎಂದು ಅವನು ಹಿಗ್ಗುತ್ತಿದ್ದ.

ಊರಿಗೆ ಮರಳಿ ವರ್ಷಗಳಾದರೂ ಆ ಹಿಗ್ಗು ಇಳಿಯಲಿಲ್ಲ. ಕಾಮಾಕ್ಷಿಪಾಳ್ಯದ ಅವನ ಅಂಗಡಿಯಲ್ಲಿ ರಿಪೇರಿಯಾದ ಫ್ರಿಜ್ಜುಗಳು ತವರಿಗೆ ಬಂದಂತೆ ಮತ್ತೆ ಮತ್ತೆ ಬರುತ್ತಿದ್ದವು. ತನ್ನ ಕೈ ವೈನಿಗೆ ಹೇಳಿ ಮಾಡಿಸಿದ್ದು, ಫ್ರಿಜ್ಜಿಗಲ್ಲ ಎಂದು ಅವನು ಸಮಾಧಾನ ಮಾಡಿಕೊಳ್ಳುತ್ತಿದ್ದ. ಹಾಗಾಗಿ ಕ್ಯಾಂಪಿನ ಹಳೆಯ ಗೆಳೆಯ ಮಹೇಶ ಫೋನು ಮಾಡಿ, "ಮುಂದಿನ ತಿಂಗಳು ಊಟಕ್ಕೆ ಬರ್ತೀನಿ ಗುರು" ಎಂದಾಗ, ಹೆಂಡತಿ ಮಗಳ ಮುಂದೆ ತನ್ನ ವಿದ್ಯೆ ತೋರಿಸಲು ಇದೇ ಸಮಯ ಎನಿಸಿತು. ತಳ್ಳುಗಾಡಿಯಿಂದ ಕಪ್ಪು ದ್ರಾಕ್ಷಿ ತಂದು ಉಪ್ಪಿನಕಾಯಿಯ ದೊಡ್ಡ ಜಾಡಿಗೆ ಹಾಕಿದ.

"ಲಿಂಗ ಕಟ್ಕೊಂಡು ಇದೇನ್ರೀ ಅವತಾರ?" ಎಂದಳು ಹೆಂಡತಿ ಬಸವ್ವ. "ನನ್ ಜಾಡೀನೂ ಹಾಳಾಯ್ತು."

ಲಾ ಕಾಲೇಜಿಗೆ ಹೋಗುವ ಮಗಳು ಶರಣ್ಯಾ, "ಟೇಸ್ಟ್ ನೋಡಿದೀರಾ ಅಪ್ಪಾ?" ಎಂದು ಕೇಳಿದಳು.

"ನೋಡೋದೇ ಬೇಡ ಕಣೇ. ನಂಗೆ ಕಿವೀಲೇ ಗೊತ್ತಾಗುತ್ತೆ."

ಮಹೇಶ ಬಂದ. ಸಿದ್ದಬಸಪ್ಪ ಸ್ಟೀಲಿನ ಲೋಟ ತುಂಬಿಸಿ ಕೊಟ್ಟು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನಂತೆ ಎದುರಿಗೇ ಕೂತ. ಮಹೇಶ ಒಂದು ಗುಟುಕು ಕುಡಿದ. ಕಣ್ಣು ಬಿಗಿಯಾಗಿ ಮುಚ್ಚಿದ, ತಲೆ ಕೊಡವಿದ.

"ನೋಡಿದ್ಯೇನೇ, ಅದೇ ಮುಖ!" ಎಂದು ಸಿದ್ದಬಸಪ್ಪ ಹೆಂಡತಿಯ ಕಡೆ ತಿರುಗಿದ.

ಮಹೇಶ ಕೆಮ್ಮಿದ. "ಅದೇ ರುಚೀನೂ ಗುರು. ಅದೇ ಬ್ಯಾಟರಿ ನೀರು."

"ಏನಂದೆ?"

"ಕಣ್ ಮುಚ್ಕೊಳ್ಳದೆ ಗಂಟಲಲ್ಲಿ ಇಳೀತಾನೇ ಇರ್ಲಿಲ್ಲ ಕಣೋ."

ಶರಣ್ಯಾ ನಗಲು ಅಡುಗೆಮನೆಗೆ ಓಡಿದಳು. ಸಿದ್ದಬಸಪ್ಪ ಇಂಗು ತಿಂದ ಮಂಗನಂತಾದ. ತಾನೂ ನಗಬೇಕೆಂದು ನೋಡಿದ, ಆಗಲಿಲ್ಲ. ನಿಜಕ್ಕೂ ನೋವಾಗಿತ್ತು. ಇದ್ದ ಒಂದು ವಿದ್ಯೆಯೂ ಫ್ರಿಜ್ಜುಗಳ ಸಾಲಿಗೆ ಸೇರಿತ್ತು.

"ಮತ್ತೆ ಅಷ್ಟು ವರ್ಷ ಯಾಕ್ರೋ ಕುಡಿದ್ರಿ?"

ಮಹೇಶ ಲೋಟ ಕೆಳಗಿಟ್ಟ. ಆಮೇಲೆ ಹೇಳಿದ: "ನಮ್ಮಮ್ಮ ಹೋದಾಗ ನಂಗೆ ರಜೆ ಸಿಗ್ಲಿಲ್ಲ, ನೆನಪಿದ್ಯಾ? ಆ ಶುಕ್ರವಾರ ಮಿಕ್ಕೋರೆಲ್ಲ ಕುಡಿದು ಬಿದ್ಕೊಂಡ್ರು. ಎಚ್ಚರವಾಗಿದ್ದೋನು ನೀನೊಬ್ಬನೇ. ಸಂಜೆವರೆಗೂ ನಾನು ಅತ್ತಿದ್ದು, ಬಡ್ಕೊಂಡಿದ್ದು ಎಲ್ಲಾ ನೀನು ಕೇಳಿಸ್ಕೊಂಡೆ. ಒಬ್ಬೊಬ್ರಿಗೂ ಹಂಗೆ ಒಂದೊಂದು ಶುಕ್ರವಾರ ಬಂದಿತ್ತು ಕಣೋ."

ಸಿದ್ದಬಸಪ್ಪನಿಗೆ ಆಗಲೂ ಸೋಲೊಪ್ಪಲು ಮನಸ್ಸಿಲ್ಲ. "ಅದಕ್ಕೆ ವೈನ್ ಯಾಕೆ ಬೇಕಿತ್ತು? ನೀರು ಕುಡ್ಕೊಂಡು ಹೇಳಿದ್ರೂ ಕೇಳಿಸ್ಕೊಳ್ತಿದ್ದೆ."

"ಬರೀ ನೀರು ಕುಡಿದು ಯಾವ ಗಂಡಸು ಅಳ್ತಾನೋ?"

ಬಸವ್ವ ತಾನೇ ಜಾಡಿಯನ್ನು ಮಹೇಶನ ಕಡೆಗೆ ಸರಿಸಿದಳು.